ವೈರಸ್ ಕಾಯುತ್ತದೆ, ಬ್ಯಾಕ್ಟೀರಿಯಾ ಬೆಳೆಯುತ್ತದೆ

ಕಳೆದ ಮಳೆಗಾಲದ ಒಂದು ರಾತ್ರಿ. ಇಶಾ ನಮಾಝ್ ಮುಗಿಸಿ ಕೂತಿದ್ದೆ. ಪಕ್ಕದ ಮನೆಯ ಸೊಸೆ ಬಂದು ಬಾಗಿಲು ತಟ್ಟಿದಳು. ಮೂರು ವರ್ಷದ ಮಗುವಿಗೆ ಬೆಳಗ್ಗಿನಿಂದ ಜ್ವರ, ಮೂಗಿನಿಂದ ನೀರು, ಸಣ್ಣಗೆ ಕೆಮ್ಮು. ಅವಳ ಕೈಯಲ್ಲಿ ಒಂದು ಸಿರಪ್ಪಿನ ಬಾಟಲಿ ಇತ್ತು, ಅರ್ಧ ಖಾಲಿಯಾದದ್ದು.

"ಟೀಚರ್, ರಂಝಾನಿನಲ್ಲಿ ದೊಡ್ಡವನಿಗೆ ಗಂಟಲು ನೋವು ಬಂದಾಗ ಡಾಕ್ಟರು ಕೊಟ್ಟದ್ದು. ಉಳಿದದ್ದನ್ನು ಫ್ರಿಜ್ಜಿನಲ್ಲೇ ಇಟ್ಟಿದ್ದೆ. ಇವನಿಗೆ ಎಷ್ಟು ಕೊಡಲಿ, ಸ್ವಲ್ಪ ನೋಡಿ ಹೇಳಿ."

ಬಾಟಲಿ ನೋಡಿದೆ. ಅದು ಆ್ಯಂಟಿಬಯೋಟಿಕ್. ಪುಡಿಗೆ ನೀರು ಕಲಸಿ ಮಾಡುವ ಅಂತಹ ಸಿರಪ್ಪು, ಕಲಸಿದ ಮೇಲೆ ಒಂದೆರಡು ವಾರಕ್ಕಿಂತ ಹೆಚ್ಚು ಉಳಿಯುವುದಿಲ್ಲ. ರಂಝಾನ್ ಕಳೆದು ತಿಂಗಳುಗಳೇ ಆಗಿದ್ದವು. "ಕೊಡಬೇಡ, ಚೆಲ್ಲಿಬಿಡು" ಎಂದೆ.

"ಯಾಕೆ ಟೀಚರ್? ಇದೂ ಜ್ವರಕ್ಕೆ ಕೊಟ್ಟ ಮದ್ದೇ ಅಲ್ಲವಾ?"

ಇಪ್ಪತ್ತಾರು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವಳು ನಾನು. ಆ ಪ್ರಶ್ನೆಗೆ ಒಂದೇ ಮಾತಿನಲ್ಲಿ ಉತ್ತರ ಕೊಡಲು ನನ್ನಿಂದ ಆಗಲಿಲ್ಲ. ಮರುದಿನ ಡಾಕ್ಟರು ಮಗುವನ್ನು ನೋಡಿ, ಇದು ವೈರಸ್ ಜ್ವರ, ಜ್ವರದ ಮದ್ದು ಮತ್ತು ಚೆನ್ನಾಗಿ ನೀರು ಸಾಕು ಎಂದರು. ನಾಲ್ಕು ದಿನದಲ್ಲಿ ಮಗು ಅಂಗಳದಲ್ಲಿ ಓಡಾಡುತ್ತಿತ್ತು. ಆದರೆ ಆ ಪ್ರಶ್ನೆ ನನ್ನಲ್ಲೇ ಉಳಿಯಿತು. ಆ ಹುಡುಗಿ ಓದಿದವಳು, ಮನೆಯನ್ನು ಕನ್ನಡಿಯಂತೆ ಇಟ್ಟುಕೊಂಡವಳು. ನಮ್ಮ ಸಮುದಾಯದ ಮನೆಗಳು ಬಹುತೇಕ ಹಾಗೆಯೇ. ಶುಚಿತ್ವ ನಮಗೆ ಯಾರೂ ಹೊಸದಾಗಿ ಕಲಿಸಬೇಕಾದ ಸಂಗತಿಯಲ್ಲ. ಆದರೆ ನಾವು ಯಾರ ವಿರುದ್ಧ ಶುಚಿಯಾಗಿರುತ್ತೇವೆ, ಆ ಶತ್ರು ಹೇಗೆ ಬದುಕುತ್ತದೆ ಎಂಬುದು ಮಾತ್ರ ನಮಗೆ ಸರಿಯಾಗಿ ಗೊತ್ತಿಲ್ಲ. ಇದು ಗೊತ್ತಿಲ್ಲದ ಶುಚಿತ್ವ ಅರ್ಧ ಮಾತ್ರ ಎಂಬುದು ನನ್ನ ಅಭಿಪ್ರಾಯ. ಇದನ್ನು ನಾನು ಪುಸ್ತಕದಿಂದ ಹೇಳುತ್ತಿಲ್ಲ, ಸ್ವಂತ ಮನೆಯಲ್ಲಿ ಬೆಲೆ ತೆತ್ತು ಹೇಳುತ್ತಿದ್ದೇನೆ. ಆ ಕಥೆ ಮುಂದೆ ಬರುತ್ತದೆ.

ಒಂದೇ ಹೆಸರು, ಎರಡು ಬಗೆ

ಕೀಟಾಣು, ರೋಗಾಣು, ಸೂಕ್ಷ್ಮಾಣು, ಇನ್ಫೆಕ್ಷನ್. ಮಾತಿನಲ್ಲಿ ನಾವು ಎಲ್ಲವನ್ನೂ ಒಂದೇ ಬುಟ್ಟಿಗೆ ಹಾಕುತ್ತೇವೆ. ಆದರೆ ಬ್ಯಾಕ್ಟೀರಿಯಾ ಮತ್ತು ವೈರಸ್ ನಡುವೆ ಇರುವ ಅಂತರ ಸಣ್ಣದಲ್ಲ.

ಬ್ಯಾಕ್ಟೀರಿಯಾ ಒಂದು ಪೂರ್ಣ ಜೀವಿ. ಒಂದೇ ಜೀವಕೋಶ, ಆದರೆ ತನ್ನ ಸಂಸಾರವನ್ನು ತಾನೇ ನಡೆಸಬಲ್ಲದು. ಆಹಾರ ತೆಗೆದುಕೊಳ್ಳುತ್ತದೆ, ಬೆಳೆಯುತ್ತದೆ, ಎರಡಾಗಿ ಒಡೆಯುತ್ತದೆ. ಅದರ ಗಾತ್ರ ಸುಮಾರಾಗಿ ಒಂದು ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು. ಡೆಲ್ಫ್ಟ್ ಪಟ್ಟಣದ ಬಟ್ಟೆ ವ್ಯಾಪಾರಿ ಲೇವನ್‌ಹುಕ್ 1670ರ ದಶಕದಲ್ಲಿ ತಾನೇ ಉಜ್ಜಿ ಮಾಡಿದ ಮಸೂರದಿಂದ ಇಂತಹ ಜೀವಿಗಳನ್ನು ಮೊದಲು ಕಂಡ.

ವೈರಸ್ ಅದಕ್ಕಿಂತ ಎಷ್ಟೋ ಪಾಲು ಸಣ್ಣದು. ಫ್ಲೂ ವೈರಸ್ಸನ್ನು ಹತ್ತು ಸಾಲಾಗಿ ಇಟ್ಟರೆ ಒಂದು ಬ್ಯಾಕ್ಟೀರಿಯಾದ ಉದ್ದ ಆದೀತು. ಆದರೆ ಮುಖ್ಯ ಸಂಗತಿ ಗಾತ್ರವಲ್ಲ, ಬದುಕುವ ರೀತಿ. ವೈರಸ್ ಎಂದರೆ ಒಂದಿಷ್ಟು ಆನುವಂಶಿಕ ಸಂದೇಶ, ಅದರ ಸುತ್ತ ಪ್ರೋಟೀನಿನ ಹೊದಿಕೆ. ಕೆಲವಕ್ಕೆ ಅದರ ಮೇಲೆ ಕೊಬ್ಬಿನ ಒಂದು ತೆಳು ಪದರ. ಅಷ್ಟೇ. ಅದು ಉಣ್ಣುವುದಿಲ್ಲ, ಉಸಿರಾಡುವುದಿಲ್ಲ, ತಾನಾಗಿ ಬೆಳೆಯುವುದಿಲ್ಲ. ಜೀವಂತ ಕೋಶದೊಳಗೆ ಹೊಕ್ಕಾಗ ಮಾತ್ರ ಆ ಕೋಶದ ಯಂತ್ರಗಳನ್ನೇ ಬಳಸಿಕೊಂಡು ತನ್ನ ಪ್ರತಿಗಳನ್ನು ಮಾಡಿಸಿಕೊಳ್ಳುತ್ತದೆ.

ಇದು ಗೊತ್ತಾದದ್ದು ತಂಬಾಕಿನ ಎಲೆಯಿಂದ. 1892ರಲ್ಲಿ ರಷ್ಯಾದ ಇವನೋವ್‌ಸ್ಕಿ ಎಂಬ ವಿಜ್ಞಾನಿ ರೋಗ ಬಂದ ತಂಬಾಕಿನ ಎಲೆಯ ರಸವನ್ನು ಪಿಂಗಾಣಿಯ ಸೋಸುಕದಲ್ಲಿ ಸೋಸಿದ. ಬ್ಯಾಕ್ಟೀರಿಯಾ ದಾಟಲಾಗದಷ್ಟು ಸಣ್ಣ ರಂಧ್ರಗಳು ಅದರಲ್ಲಿದ್ದವು. ಆದರೂ ಸೋಸಿದ ರಸ ಆರೋಗ್ಯವಂತ ಎಲೆಗೆ ರೋಗ ತಂದಿತು. 1898ರಲ್ಲಿ ನೆದರ್‌ಲ್ಯಾಂಡಿನ ಬೈಯರಿಂಕ್ ಇನ್ನೊಂದು ಹೆಜ್ಜೆ ಮುಂದೆ ಹೋದ. ಈ ವಸ್ತು ಬೇರೆಲ್ಲೂ ಬೆಳೆಯುವುದಿಲ್ಲ, ಜೀವಂತ ಗಿಡದಲ್ಲಿ ಮಾತ್ರ ಹೆಚ್ಚುತ್ತದೆ ಎಂದು ಕಂಡು ಅದನ್ನು ವೈರಸ್ ಎಂದು ಕರೆದ. ಲ್ಯಾಟಿನಿನಲ್ಲಿ ಆ ಪದಕ್ಕೆ ವಿಷ ಎಂದರ್ಥ. 1935ರಲ್ಲಿ ಅಮೆರಿಕದ ಸ್ಟ್ಯಾನ್ಲಿ ಅದೇ ವೈರಸ್ಸನ್ನು ಸಕ್ಕರೆಯ ಹರಳಿನಂತೆ ಹರಳುಗಟ್ಟಿಸಿದ. ಆ ಹರಳನ್ನು ನೀರಿನಲ್ಲಿ ಕರಗಿಸಿ ಎಲೆಗೆ ಹಚ್ಚಿದರೆ ಮತ್ತೆ ರೋಗ. ಹರಳಾಗಿ ಸುಮ್ಮನೆ ಕುಳಿತದ್ದು ಜೀವಕೋಶ ಸಿಕ್ಕ ಕೂಡಲೇ ಕೆಲಸ ಶುರು ಮಾಡಿತ್ತು.

ನಮ್ಮ ಅಡುಗೆ ಮನೆಯ ಮಾತಿನಲ್ಲಿ ಹೇಳುವುದಾದರೆ ಹೀಗೆ: ರಾತ್ರಿ ರುಬ್ಬಿಟ್ಟ ದೋಸೆ ಹಿಟ್ಟು ಬೆಳಗ್ಗೆ ಉಬ್ಬಿ ಬರುತ್ತದಲ್ಲ, ಅದು ಮುಖ್ಯವಾಗಿ ಬ್ಯಾಕ್ಟೀರಿಯಾದ ಕೆಲಸ. ಬೇಸಿಗೆಯಲ್ಲಿ ಬೇಗ ಹುಳಿ ಬರುತ್ತದೆ, ಮಳೆಗಾಲದ ಚಳಿಗೆ ತಡವಾಗುತ್ತದೆ. ಅಲ್ಲಿ ಬೆಳೆಯುತ್ತಿರುವುದು ನಮಗೆ ಬೇಕಾದ ಬ್ಯಾಕ್ಟೀರಿಯಾ, ನಮ್ಮ ಮಿತ್ರ. ಅದೇ ಹಿಟ್ಟಿಗೆ ಒಂದು ಫ್ಲೂ ವೈರಸ್ ಬಿದ್ದರೆ? ಬೆಳಗಾಗುವಾಗಲೂ ಒಂದು ಎರಡಾಗಿರುವುದಿಲ್ಲ. ಬ್ಯಾಕ್ಟೀರಿಯಾಕ್ಕೆ ಹಿಟ್ಟು ಫಲವತ್ತಾದ ಹೊಲ, ವೈರಸ್ಸಿಗೆ ಅದು ಬರೀ ಬಂಡೆ. ವೈರಸ್ ಹೊರಗೆ ಕಾಯುತ್ತದೆ, ಬೆಳೆಯುವುದಿಲ್ಲ. ಬ್ಯಾಕ್ಟೀರಿಯಾ ಅವಕಾಶ ಸಿಕ್ಕಲ್ಲೆಲ್ಲ ಬೆಳೆಯುತ್ತದೆ.

ಈ ಒಂದು ವಾಕ್ಯ ನೆನಪಿಟ್ಟರೆ ಅಡುಗೆ, ಕೈ ತೊಳೆಯುವುದು, ಮದ್ದು, ಲಸಿಕೆ, ಈ ನಾಲ್ಕರಲ್ಲೂ ನಾವು ಮಾಡುವ ತಪ್ಪುಗಳು ನಮಗೇ ಕಾಣತೊಡಗುತ್ತವೆ.

ಮದುವೆಯ ಮರುದಿನದ ತುಪ್ಪದನ್ನ

ಈಗ ನನ್ನ ಮನೆಯ ಕಥೆ. ಹತ್ತು ವರ್ಷದ ಹಿಂದೆ ಮಗಳ ಮದುವೆ. ರಾತ್ರಿ ಊಟ ಮುಗಿದಾಗ ದೊಡ್ಡ ಪಾತ್ರೆಯಲ್ಲಿ ತುಪ್ಪದನ್ನ ಉಳಿದಿತ್ತು, ಇನ್ನೊಂದರಲ್ಲಿ ಮಾಂಸದ ಸಾರು. ಆಹಾರ ಎಸೆಯುವುದು ಸರಿಯಲ್ಲ ಎಂದು ಮುಚ್ಚಳ ಮುಚ್ಚಿ ಅಂಗಳದ ಚಪ್ಪರದಡಿ ಇಟ್ಟೆವು. ಬೆಳಗ್ಗೆ ಅದನ್ನೇ ಚೆನ್ನಾಗಿ ಬಿಸಿ ಮಾಡಿ, ಸಾರನ್ನು ಕುದಿಸಿ, ಉಳಿದುಕೊಂಡಿದ್ದ ನೆಂಟರಿಗೆ ಬಡಿಸಿದೆವು. ಎರಡು ಮೂರು ಗಂಟೆಯೊಳಗೆ ಒಬ್ಬೊಬ್ಬರಿಗೇ ವಾಂತಿ ಶುರುವಾಯಿತು. ಒಟ್ಟು ಹನ್ನೊಂದು ಮಂದಿ. ನನ್ನ ಉಮ್ಮ, ಎಪ್ಪತ್ತನಾಲ್ಕು ವರ್ಷದವರು, ಮೂರು ದಿನ ಆಸ್ಪತ್ರೆಯಲ್ಲಿ ಗ್ಲೂಕೋಸ್ ಬಾಟಲಿಯಡಿ ಮಲಗಿದರು. ಮದುವೆ ಮನೆಯ ನಗು ಆಸ್ಪತ್ರೆಯ ಬೆಂಚಿನಲ್ಲಿ ಮುಗಿಯಿತು.

"ಕುದಿಸಿದ್ದೇವಲ್ಲ!" ಎಂದು ನಾವೆಲ್ಲ ಹೇಳುತ್ತಲೇ ಇದ್ದೆವು. ವಿಜ್ಞಾನದ ಟೀಚರಾದ ನಾನೂ ಹೇಳಿದೆ.

ಬ್ಯಾಕ್ಟೀರಿಯಾ ಬೆಳೆಯಲು ನಾಲ್ಕು ಬೇಕು: ಆಹಾರ, ನೀರಿನ ಪಸೆ, ಹದವಾದ ಬಿಸಿ ಮತ್ತು ಸಮಯ. ಅನ್ನದಲ್ಲಿ ಮೊದಲೆರಡು ತುಂಬಿವೆ. ದೊಡ್ಡ ಪಾತ್ರೆ ಬೇಗ ತಣಿಯುವುದಿಲ್ಲ, ರಾತ್ರಿಯಿಡೀ ಒಳಗೆ ಉಗುರು ಬೆಚ್ಚಗೆ ಇರುತ್ತದೆ. ಮೂರನೆಯದೂ ಸಿಕ್ಕಿತು. ಸಮಯವನ್ನು ನಾವೇ ಕೊಟ್ಟೆವು. ಅನುಕೂಲ ಸಿಕ್ಕರೆ ಕೆಲವು ಬ್ಯಾಕ್ಟೀರಿಯಾಗಳು 20 ನಿಮಿಷಕ್ಕೊಮ್ಮೆ ದುಪ್ಪಟ್ಟಾಗುತ್ತವೆ. ಒಂದು ಗಂಟೆಗೆ ಒಂದು ಎಂಟಾಗುತ್ತದೆ, ಎರಡು ಗಂಟೆಗೆ 64. ರಾತ್ರಿ ಹನ್ನೊಂದರಿಂದ ಬೆಳಗ್ಗೆ ಆರರವರೆಗೆ ಏಳು ಗಂಟೆ ಇದೇ ವೇಗದಲ್ಲಿ ಹೋದರೆ ಒಂದರಿಂದ 20 ಲಕ್ಷಕ್ಕೂ ಮಿಕ್ಕಿ.

ಬಿಸಿ ಮಾಡಿದರೆ ಅವು ಸಾಯಬೇಕಲ್ಲವೇ? ಸಾಯುತ್ತವೆ. ಆದರೆ ಅಕ್ಕಿಯಲ್ಲಿ ಸಾಮಾನ್ಯವಾಗಿ ಇರುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾ ಕಷ್ಟಕಾಲಕ್ಕೆ ಗಟ್ಟಿ ಚಿಪ್ಪಿನ ಬೀಜದಂತಹ ರೂಪ ತಾಳುತ್ತದೆ. ಅನ್ನ ಬೇಯುವ ಬಿಸಿಯನ್ನೂ ಅದು ತಡೆದುಕೊಳ್ಳಬಲ್ಲದು. ಅನ್ನ ಬೆಚ್ಚಗಾಗಿ ಉಳಿದಾಗ ಮೊಳೆತು, ಬೆಳೆದು, ಒಂದು ವಿಷವನ್ನು ಬಿಡುತ್ತದೆ. ಮತ್ತೆ ಬಿಸಿ ಮಾಡಿದಾಗ ಬ್ಯಾಕ್ಟೀರಿಯಾ ಸತ್ತರೂ ಆ ವಿಷ ಹಾಗೆಯೇ ಉಳಿಯುತ್ತದೆ. ಬಡಿಸುವವರ ಕೈ ಮತ್ತು ಮೂಗಿನಿಂದ ಆಹಾರಕ್ಕೆ ಬೀಳುವ ಸ್ಟ್ಯಾಫಿಲೋಕಾಕಸ್ ಎಂಬ ಇನ್ನೊಂದು ಬ್ಯಾಕ್ಟೀರಿಯಾದ ವಿಷವೂ ಅಂತಹದ್ದೇ. ಕಳ್ಳ ಸತ್ತರೂ ಅವನು ಬೆರೆಸಿಟ್ಟ ವಿಷ ಸಾಯಲಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ ಸರಳವಾಗಿದೆ. 5 ಡಿಗ್ರಿಯಿಂದ 60 ಡಿಗ್ರಿ ಸೆಲ್ಸಿಯಸ್ ನಡುವಿನ ಬಿಸಿ ಅಪಾಯದ ವಲಯ. ಬೇಯಿಸಿದ ಆಹಾರವನ್ನು ಹೊರಗೆ ಎರಡು ಗಂಟೆಗಿಂತ ಹೆಚ್ಚು ಹೊತ್ತು ಇಡಬಾರದು. ಒಂದೋ ಹೊಗೆಯಾಡುವಷ್ಟು ಬಿಸಿಯಾಗಿರಲಿ, ಇಲ್ಲವೇ ಅಗಲದ ತಟ್ಟೆಗಳಿಗೆ ಹರಡಿ, ಬೇಗ ತಣಿಸಿ ಫ್ರಿಜ್ಜಿಗೆ ಹೋಗಲಿ. ಫ್ರಿಜ್ಜು ಬ್ಯಾಕ್ಟೀರಿಯಾವನ್ನು ಕೊಲ್ಲುವುದಿಲ್ಲ, ಅದರ ಗಡಿಯಾರವನ್ನು ನಿಧಾನ ಮಾಡುತ್ತದೆ ಅಷ್ಟೇ.

ನಮ್ಮ ಹಿರಿಯರಿಗೆ ಇದರ ಹೆಸರು ಗೊತ್ತಿರಲಿಲ್ಲ, ಲೆಕ್ಕ ಗೊತ್ತಿತ್ತು. ಒಣಮೀನಿನಲ್ಲಿ ಉಪ್ಪು ಮತ್ತು ಬಿಸಿಲು ನೀರಿನ ಪಸೆಯನ್ನು ಕಸಿದುಕೊಂಡವು. ಉಪ್ಪಿನಕಾಯಿಯಲ್ಲಿ ಉಪ್ಪು, ಹುಳಿ. ಖರ್ಜೂರದಲ್ಲಿ ನೀರನ್ನು ಬಿಗಿಯಾಗಿ ಹಿಡಿದಿಟ್ಟುಕೊಂಡ ಸಕ್ಕರೆ. ಅದಕ್ಕೇ ಖರ್ಜೂರ ತಿಂಗಳುಗಟ್ಟಲೆ ಕೆಡುವುದಿಲ್ಲ, ಅದರ ಪಕ್ಕದಲ್ಲೇ ಇಫ್ತಾರಿಗೆಂದು ಕತ್ತರಿಸಿಟ್ಟ ಪಪ್ಪಾಯಿ, ಕಲ್ಲಂಗಡಿ ಸಂಜೆಯೊಳಗೆ ಹಳಸುತ್ತವೆ. ಹಣ್ಣನ್ನು ಅಸರ್ ಆದ ಕೂಡಲೇ ಕತ್ತರಿಸಿಡುವ ಬದಲು ಬಾಂಗಿಗೆ ಸ್ವಲ್ಪ ಮೊದಲು ಕತ್ತರಿಸಿ. ಕುರ್ಬಾನಿಯ ಮಾಂಸವನ್ನು ಮಧ್ಯಾಹ್ನದವರೆಗೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡುವ ಬದಲು ಪಾಲಾದ ಕೂಡಲೇ ಹಂಚಿ. ಬಡವರ ಮನೆಗೆ ತಲುಪುವ ಪಾಲು ಕೊನೆಯಲ್ಲಿ ತಲುಪುವ ಪಾಲಾಗಬಾರದು. ಅವರ ಮನೆಯಲ್ಲಿ ಫ್ರಿಜ್ಜು ಇರುವ ಸಾಧ್ಯತೆಯೂ ಕಡಿಮೆ.

ವಲೀಮಾದ ಉಳಿದ ಊಟವನ್ನು ಮರುದಿನ ಬಿಸಿ ಮಾಡಿ ಅನಾಥಾಲಯಕ್ಕೆ, ಬಡವರ ಕೇರಿಗೆ ಕಳಿಸುವುದನ್ನೂ ನಿಲ್ಲಿಸಬೇಕು. ದಾನ ಮಾಡುವುದಾದರೆ ಆ ರಾತ್ರಿಯೇ, ಬಿಸಿ ಇರುವಾಗಲೇ ಮಾಡೋಣ. ಅದಕ್ಕೂ ಮೊದಲು, ಎಷ್ಟು ಬೇಕೋ ಅಷ್ಟೇ ಅಡುಗೆ ಮಾಡಿಸೋಣ.

ಸಾಬೂನು ಎಲ್ಲಿ ಹೋಯಿತು?

ಇನ್ನು ಕಾಯುವ ಶತ್ರು. ಫ್ಲೂ ವೈರಸ್ ಬಾಗಿಲ ಹಿಡಿಯಂತಹ ನುಣುಪಾದ ಮೇಲ್ಮೈಯಲ್ಲಿ ಒಂದೆರಡು ದಿನ ಕಾಯಬಲ್ಲದು. ಜಾಂಡೀಸ್ ತರುವ ಹೆಪಟೈಟಿಸ್ ಎ ವೈರಸ್ ನೀರಿನಲ್ಲಿ, ಮಣ್ಣಿನಲ್ಲಿ ವಾರಗಟ್ಟಲೆ ಉಳಿಯಬಲ್ಲದು. ಅಲ್ಲಿ ಅದರ ಸಂಖ್ಯೆ ಏರುವುದಿಲ್ಲ. ನಮ್ಮ ಕೈ ಅದನ್ನು ಬಾಯಿಗೆ, ಮೂಗಿಗೆ, ಕಣ್ಣಿಗೆ ತಲುಪಿಸಲಿ ಎಂದು ಕಾದಿರುತ್ತದೆ. ಹಾಗಾಗಿ ವೈರಸ್ಸಿನ ವಿರುದ್ಧದ ಶುಚಿತ್ವ ಎಂದರೆ ಮುಖ್ಯವಾಗಿ ಅದರ ಪ್ರಯಾಣವನ್ನು ತಡೆಯುವುದು.

ಇಲ್ಲಿ ಒಂದು ಮಾತು ಹೇಳಬೇಕು. ಓದುಗರು ತಪ್ಪು ತಿಳಿಯಬಾರದು, ನಾನು ಧಾರ್ಮಿಕ ವಿದ್ವಾಂಸಳಲ್ಲ. ದಿನಕ್ಕೆ ಐದು ಬಾರಿ ಕೈ, ಬಾಯಿ, ಮೂಗು, ಮುಖ ತೊಳೆಯುವ ಸಮುದಾಯ ನಮ್ಮದು. ನಿದ್ದೆಯಿಂದ ಎದ್ದವರು ಕೈ ತೊಳೆಯದೆ ನೀರಿನ ಪಾತ್ರೆಗೆ ಅದ್ದಬಾರದೆಂದು, ರಾತ್ರಿ ಪಾತ್ರೆಗಳನ್ನು ಮುಚ್ಚಿಡಬೇಕೆಂದು, ಪ್ಲೇಗ್ ಬಂದ ಊರಿಗೆ ಹೋಗಬಾರದು, ಅಲ್ಲಿಂದ ಹೊರಡಲೂ ಬಾರದು ಎಂದು ಪ್ರವಾದಿ(ಸ)ರು ಕಲಿಸಿದ್ದನ್ನು ನಾವು ಭಾಷಣಗಳಲ್ಲಿ ಹೆಮ್ಮೆಯಿಂದ ಹೇಳುತ್ತೇವೆ. ಹೆಮ್ಮೆಗೆ ಅದು ತಕ್ಕದ್ದೇ. ಆದರೆ ಭಾಷಣ ಮುಗಿಸಿ ಶೌಚಾಲಯಕ್ಕೆ ಹೋದರೆ ಅಲ್ಲಿ ನೀರು ಇರುತ್ತದೆ, ಸಾಬೂನು ಇರುವುದಿಲ್ಲ.

ವುಝೂ ಆರಾಧನೆಯ ಶುದ್ಧಿ. ಅದಕ್ಕೆ ನೀರು ಸಾಕು. ಶೌಚದ ನಂತರ ಕೈಯಲ್ಲಿ ಉಳಿಯುವ ಹೆಪಟೈಟಿಸ್ ಎ ವೈರಸ್ಸಿಗೋ ಟೈಫಾಯ್ಡ್ ಬ್ಯಾಕ್ಟೀರಿಯಾಕ್ಕೋ ಬರೀ ನೀರು ಸಾಕಾಗುವುದಿಲ್ಲ. ನೀರು ಒಂದಿಷ್ಟನ್ನು ಕಳೆಯುತ್ತದೆ, ಸಾಬೂನು ಅದಕ್ಕಿಂತ ಎಷ್ಟೋ ಹೆಚ್ಚನ್ನು. ಸಾಬೂನಿನ ಕಣಕ್ಕೆ ಎರಡು ತುದಿ. ಒಂದಕ್ಕೆ ನೀರು ಇಷ್ಟ, ಇನ್ನೊಂದಕ್ಕೆ ಕೊಬ್ಬು ಇಷ್ಟ. ಫ್ಲೂ, ಕೊರೋನಾ, ದಡಾರದ ವೈರಸ್ಸುಗಳ ಮೇಲಿರುವ ಕೊಬ್ಬಿನ ಪದರವನ್ನು ಅದು ಹಿಡಿದು ಎಳೆದು ಒಡೆಯುತ್ತದೆ. ಪದರ ಒಡೆದ ವೈರಸ್ ಕೆಲಸಕ್ಕೆ ಬಾರದು. ಹೆಪಟೈಟಿಸ್ ಎ, ನೋರೋ ವೈರಸ್‌ಗಳಿಗೆ ಕೊಬ್ಬಿನ ಪದರವಿಲ್ಲ. ಹಾಗಾಗಿ ಸ್ಯಾನಿಟೈಸರ್ ಅವುಗಳ ಮೇಲೆ ಅಷ್ಟಾಗಿ ನಡೆಯುವುದಿಲ್ಲ. ಆದರೆ ಸಾಬೂನು ಹಚ್ಚಿ ಉಜ್ಜಿದರೆ ಅವು ಅಂಟಿಕೊಂಡಿರುವ ಜಿಡ್ಡೇ ಸಡಿಲಾಗಿ ನೀರಿನೊಂದಿಗೆ ಹರಿದುಹೋಗುತ್ತದೆ. ಇದಕ್ಕೆ 20 ಸೆಕೆಂಡಾದರೂ ಬೇಕು. ಬೆರಳ ಸಂದು, ಹೆಬ್ಬೆರಳು, ಉಗುರಿನಡಿ ಎಲ್ಲವನ್ನೂ ಉಜ್ಜಬೇಕು.

ಕೋವಿಡ್ ಕಾಲ ನೆನಪಿದೆಯಲ್ಲ? ಮನೆಯಿಂದಲೇ ವುಝೂ ಮಾಡಿ, ಮುಸಲ್ಲಾ ಹಿಡಿದುಕೊಂಡು ಮಸೀದಿಗೆ ಹೋದವರು ನಾವು. ಬಾಗಿಲಲ್ಲಿ ಸಾಬೂನು, ಸ್ಯಾನಿಟೈಸರ್ ಇತ್ತು. ಆ ವೈರಸ್ ಹಿಂದೆ ಸರಿಯಿತು, ಸಾಬೂನೂ ಮಾಯವಾಯಿತು. ಇನ್ನೂರು ಮಕ್ಕಳು ಬರುವ ಮದ್ರಸದ ಶೌಚಾಲಯದಲ್ಲಿ ಸಾಬೂನಿಲ್ಲ ಎಂದರೆ, ಒಂದು ಮಗುವಿನ ಹೊಟ್ಟೆಯ ವೈರಸ್ ಇನ್ನೂರು ಮನೆಗಳಿಗೆ ಹೋಗುವ ದಾರಿಯನ್ನು ನಾವೇ ತೆರೆದಿಟ್ಟಂತೆ. ಹೊಸ ಗುಮ್ಮಟಕ್ಕೆ, ಏಸಿಗೆ ಚಂದಾ ಕೂಡಿಸುವ ಜಮಾಅತಿಗೆ ತಿಂಗಳಿಗೆ ಒಂದಿಷ್ಟು ಸಾಬೂನಿನ ಖರ್ಚು ಭಾರವಲ್ಲ. ನಮ್ಮಲ್ಲಿ ಇಲ್ಲದಿರುವುದು ಹಣವಲ್ಲ, ಅದರ ನೆನಪು.

ನೀರಿನ ವಿಷಯದಲ್ಲೂ ಹೀಗೆಯೇ. ಊಟಕ್ಕೆ ಕರೆದಲ್ಲಿ ಜೀರಿಗೆ ಹಾಕಿ ಕುದಿಸಿದ ನೀರು ಕೊಡುತ್ತೇವೆ. ಬಿಸಿ ಹೆಚ್ಚಾಯಿತೆಂದು ಅದಕ್ಕೆ ಬಾವಿಯ ತಣ್ಣೀರು ಬೆರೆಸುತ್ತೇವೆ. ಕುದಿಸಿದ್ದೆಲ್ಲ ವ್ಯರ್ಥ. ಕುದಿಸಿದ ನೀರು ತಾನಾಗಿ ತಣಿಯಬೇಕು.

ಬಾಟಲಿಯ ಪ್ರಶ್ನೆಗೆ ಉತ್ತರ

ಈಗ ಆ ಹುಡುಗಿಯ ಪ್ರಶ್ನೆ. ಜ್ವರಕ್ಕೆ ಕೊಟ್ಟ ಮದ್ದು ಇನ್ನೊಂದು ಜ್ವರಕ್ಕೆ ಯಾಕಾಗದು?

ಆ್ಯಂಟಿಬಯೋಟಿಕ್ ಜ್ವರದ ಮದ್ದಲ್ಲ, ಬ್ಯಾಕ್ಟೀರಿಯಾದ ಮದ್ದು. ಪೆನಿಸಿಲಿನ್ ಜಾತಿಯವು ಬ್ಯಾಕ್ಟೀರಿಯಾದ ಗೋಡೆ ಕಟ್ಟುವ ಕೆಲಸವನ್ನು ಕೆಡಿಸುತ್ತವೆ. ಇನ್ನು ಕೆಲವು ಅದು ಪ್ರೋಟೀನ್ ತಯಾರಿಸುವ ಯಂತ್ರವನ್ನು ನಿಲ್ಲಿಸುತ್ತವೆ. ವೈರಸ್ಸಿಗೆ ಗೋಡೆಯೂ ಇಲ್ಲ, ಸ್ವಂತ ಯಂತ್ರವೂ ಇಲ್ಲ. ಕೆಡವಲು ಗೋಡೆಯೇ ಇಲ್ಲದ ಕಡೆ ಗುದ್ದಲಿ ಹಿಡಿದು ಏನು ಮಾಡುವುದು? ಶೀತ, ನೆಗಡಿ, ಫ್ಲೂ, ಡೆಂಗಿ, ಚಿಕನ್‌ಪಾಕ್ಸ್, ದಡಾರ, ಜಾಂಡೀಸಿನ ಹೆಪಟೈಟಿಸ್ ಎ, ಇವೆಲ್ಲ ವೈರಸ್ಸಿನವು. ಮೂಗಿನ ಸಿಂಬಳ ಹಸಿರಾಯಿತು ಎಂಬ ಕಾರಣಕ್ಕೆ ಅದು ಬ್ಯಾಕ್ಟೀರಿಯಾ ಆಗಿಬಿಡುವುದಿಲ್ಲ. ಕೆಲವು ವೈರಸ್ಸುಗಳಿಗೆ ಬೇರೆಯೇ ಮದ್ದುಗಳಿವೆ, ಬೇಕಾದಾಗ ಡಾಕ್ಟರು ಕೊಡುತ್ತಾರೆ. ಉಳಿದ ಹೆಚ್ಚಿನವನ್ನು ನಮ್ಮ ದೇಹವೇ ಕೆಲವು ದಿನಗಳಲ್ಲಿ ಸೋಲಿಸುತ್ತದೆ.

ಹಾಗೆಂದು ಆ್ಯಂಟಿಬಯೋಟಿಕ್ ಕೆಟ್ಟದ್ದಲ್ಲ. ಟೈಫಾಯ್ಡ್, ಇಲಿಜ್ವರ, ಕ್ಷಯ, ಮೂತ್ರದ ಸೋಂಕು, ಬ್ಯಾಕ್ಟೀರಿಯಾದ ನ್ಯುಮೋನಿಯಾ ಬಂದಾಗ ಅದು ಜೀವ ಉಳಿಸುವ ಅನುಗ್ರಹ. ಅನುಗ್ರಹವನ್ನು ಪೋಲು ಮಾಡಬಾರದು ಎಂಬುದೇ ನನ್ನ ಮಾತು.

ಬೇಡದ ಕಡೆ ಕೊಟ್ಟರೆ ಏನಾಗುತ್ತದೆ? ವೈರಸ್ಸಿಗೆ ಏನೂ ಆಗುವುದಿಲ್ಲ. ಮಗುವಿನ ಕರುಳಿನಲ್ಲಿರುವ ಒಳ್ಳೆಯ ಬ್ಯಾಕ್ಟೀರಿಯಾಗಳು ಸಾಯುತ್ತವೆ, ಭೇದಿ ಶುರುವಾಗಬಹುದು. ಮದ್ದನ್ನು ತಡೆದುಕೊಂಡ ಒಂದೆರಡು ಉಳಿದು, ಅವೇ ಬೆಳೆದು ಜಾಗ ತುಂಬುತ್ತವೆ. 20 ನಿಮಿಷದ ಲೆಕ್ಕ ಇಲ್ಲೂ ನಡೆಯಬಲ್ಲದು. ಆ ತಡೆದುಕೊಳ್ಳುವ ಗುಣವನ್ನು ಅವು ಪಕ್ಕದ ಬೇರೆ ಬ್ಯಾಕ್ಟೀರಿಯಾಗಳಿಗೂ ದಾಟಿಸಬಲ್ಲವು. ಮುಂದೊಂದು ದಿನ ಅದೇ ಮಗುವಿಗೆ, ಅಥವಾ ಅದರ ಅಜ್ಜಿಗೆ ನಿಜವಾಗಿಯೂ ಆ್ಯಂಟಿಬಯೋಟಿಕ್ ಬೇಕಾದಾಗ ಅದು ಕೆಲಸ ಮಾಡುವುದಿಲ್ಲ. 1928ರಲ್ಲಿ ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ 1945ರಲ್ಲಿ ನೊಬೆಲ್ ಪ್ರಶಸ್ತಿ ಪಡೆಯುವಾಗಲೇ ಈ ಅಪಾಯದ ಬಗ್ಗೆ ಎಚ್ಚರಿಸಿದ್ದ. 2019ರ ಒಂದೇ ವರ್ಷದಲ್ಲಿ ಮದ್ದಿಗೆ ಬಗ್ಗದ ಬ್ಯಾಕ್ಟೀರಿಯಾಗಳಿಂದಲೇ ಜಗತ್ತಿನಲ್ಲಿ ಸುಮಾರು 12 ಲಕ್ಷ 70 ಸಾವಿರ ಮಂದಿ ಸತ್ತರೆಂದು ವಿಜ್ಞಾನಿಗಳು ಅಂದಾಜಿಸಿದ್ದಾರೆ.

ತಪ್ಪು ಮೆಡಿಕಲ್ ಅಂಗಡಿಯವರದ್ದು, ಡಾಕ್ಟರದ್ದು ಎನ್ನುವುದು ಸುಲಭ. ಅವರದ್ದೂ ಇದೆ. ಆದರೆ ಆ್ಯಂಟಿಬಯೋಟಿಕ್ ಬರೆಯದ ಡಾಕ್ಟರನ್ನು "ಅವರ ಮದ್ದು ಹಿಡಿಯುವುದಿಲ್ಲ" ಎಂದು ಬಿಟ್ಟು ಬೇರೆ ಕಡೆ ಹೋಗುವವರು ನಾವೇ. ಗಲ್ಫಿನಿಂದ ಬರುವ ಅಣ್ಣನಿಂದ "ಅಲ್ಲಿನ ಸ್ಟ್ರಾಂಗ್ ಮಾತ್ರೆ" ತರಿಸಿಕೊಂಡು ಕಪಾಟಿನಲ್ಲಿ ಇಡುವವರೂ ನಾವೇ. ನಮ್ಮ ದೇಶದಲ್ಲಿ ಮಾತ್ರೆಯ ಹಾಳೆಯ ಮೇಲೆ ಉದ್ದಕ್ಕೆ ಕೆಂಪು ಗೆರೆ ಕಂಡರೆ, ಅದನ್ನು ಡಾಕ್ಟರ ಚೀಟಿ ಇಲ್ಲದೆ ತೆಗೆದುಕೊಳ್ಳಬಾರದು ಎಂದರ್ಥ. ಡಾಕ್ಟರು ಹೇಳಿದಷ್ಟು ದಿನ, ಹೇಳಿದಷ್ಟು ಪ್ರಮಾಣ. ಒಬ್ಬರದ್ದು ಇನ್ನೊಬ್ಬರಿಗಿಲ್ಲ, ಉಳಿದದ್ದು ಮುಂದಿನ ಸಲಕ್ಕಿಲ್ಲ.

ಇದು ವೈರಸ್ಸೋ ಬ್ಯಾಕ್ಟೀರಿಯಾವೋ ಎಂದು ಮನೆಯಲ್ಲಿ ಕೂತು ನಾವು ತೀರ್ಮಾನಿಸುವುದೂ ಸರಿಯಲ್ಲ. ಮಗು ವೇಗವಾಗಿ ಉಸಿರಾಡುತ್ತಿದ್ದರೆ, ಕುಡಿಯಲು ಒಲ್ಲದಿದ್ದರೆ, ಎಬ್ಬಿಸಿದರೂ ಮಂಕಾಗಿದ್ದರೆ, ಫಿಟ್ಸ್ ಬಂದರೆ, ಜ್ವರ ಮೂರು ದಿನ ದಾಟಿದರೆ ತಡಮಾಡದೆ ಡಾಕ್ಟರಲ್ಲಿಗೆ ಹೋಗಿ. ಎಳೆ ಶಿಶುವಿಗಾದರೆ ಮೊದಲ ದಿನವೇ. ಹೋದಾಗ ಕೇಳಬೇಕಾದ ಪ್ರಶ್ನೆ "ಸ್ಟ್ರಾಂಗ್ ಮದ್ದು ಕೊಡಿ" ಎಂದಲ್ಲ, "ಇದಕ್ಕೆ ಆ್ಯಂಟಿಬಯೋಟಿಕ್ ಬೇಕಾ?" ಎಂದು.

ಸೊಮಾಲಿಯಾದ ಒಬ್ಬ ಅಡುಗೆಯವ

ವೈರಸ್ಸಿನ ಶಕ್ತಿ ಯಾವುದೋ ಅದರ ದೌರ್ಬಲ್ಯವೂ ಅದೇ. ಜೀವಕೋಶ ಸಿಗದಿದ್ದರೆ ಅದಕ್ಕೆ ಮುಂದಿನ ಪೀಳಿಗೆ ಇಲ್ಲ. ಸಿಡುಬಿನ ವೈರಸ್ ಮನುಷ್ಯರಲ್ಲಿ ಮಾತ್ರ ಬದುಕುತ್ತಿತ್ತು. ಲಸಿಕೆಯಿಂದ ಜನರ ದೇಹ ಮೊದಲೇ ಸಿದ್ಧವಾದಾಗ ಅದಕ್ಕೆ ಮನೆಯೇ ಇಲ್ಲದಾಯಿತು.

ಜಗತ್ತಿನಲ್ಲಿ ಸಹಜವಾಗಿ ಸಿಡುಬು ತಗುಲಿದ ಕೊನೆಯ ವ್ಯಕ್ತಿ ಅಲಿ ಮಾವ್ ಮಾಲಿನ್, ಸೊಮಾಲಿಯಾದ ಮರ್ಕಾ ಪಟ್ಟಣದ ಆಸ್ಪತ್ರೆಯೊಂದರ ಅಡುಗೆಯವ. ಅದು 1977. ಚುಚ್ಚಿದರೆ ನೋಯುತ್ತದೆ ಎಂಬ ಹೆದರಿಕೆಯಿಂದ ಅವನು ಲಸಿಕೆ ತಪ್ಪಿಸಿಕೊಂಡಿದ್ದ. ರೋಗಿಗಳಿದ್ದ ವಾಹನದಲ್ಲಿ ಸ್ವಲ್ಪ ದೂರ ಹೋಗಿದ್ದಕ್ಕೇ ಸಿಡುಬು ತಗುಲಿತು. ಅವನು ಬದುಕಿದ. ಅವನ ಸಂಪರ್ಕಕ್ಕೆ ಬಂದವರನ್ನೆಲ್ಲ ಹುಡುಕಿ ಲಸಿಕೆ ಹಾಕಿದರು, ವೈರಸ್ ಅಲ್ಲಿಗೇ ನಿಂತಿತು. 1980ರಲ್ಲಿ ಸಿಡುಬು ಭೂಮಿಯಿಂದಲೇ ಅಳಿಯಿತೆಂದು ಘೋಷಣೆಯಾಯಿತು. ಮಾಲಿನ್ ಮುಂದೆ ತನ್ನ ದೇಶದಲ್ಲಿ ಪೋಲಿಯೊ ಲಸಿಕೆಯ ಕೆಲಸಕ್ಕೆ ಇಳಿದು, ಲಸಿಕೆಗೆ ಹಿಂಜರಿಯುವ ತಾಯಂದಿರಿಗೆ ತನ್ನ ತಪ್ಪನ್ನೇ ಹೇಳಿ ಒಪ್ಪಿಸುತ್ತಿದ್ದ. 2013ರಲ್ಲಿ ತೀರಿಕೊಳ್ಳುವವರೆಗೂ ಆ ಕೆಲಸ ಬಿಡಲಿಲ್ಲ.

ನಮ್ಮ ದೇಶದಲ್ಲೂ ಪೋಲಿಯೊ ಹನಿಯ ಬಗ್ಗೆ ವದಂತಿಗಳಿದ್ದವು. ಹನಿ ಹಾಕಿಸಿದರೆ ಮುಂದೆ ಮಕ್ಕಳಾಗುವುದಿಲ್ಲ ಎಂದು ಉತ್ತರ ಪ್ರದೇಶದ ಮೊಹಲ್ಲಾಗಳಲ್ಲಿ ನಂಬಿದವರಿದ್ದರು. ಇಮಾಮರು, ಉಲಮಾಗಳು ಮುಂದೆ ಬಂದು ಮಾತಾಡಿದ ಮೇಲೆ ಬಾಗಿಲುಗಳು ತೆರೆದವು. ಭಾರತದ ಕೊನೆಯ ಪೋಲಿಯೊ ಪ್ರಕರಣ 2011ರ ಜನವರಿಯದ್ದು. 2014ರಲ್ಲಿ ದೇಶ ಪೋಲಿಯೊ ಮುಕ್ತವೆಂದು ಮಾನ್ಯವಾಯಿತು.

ದಡಾರ ಮಾತ್ರ ಇನ್ನೂ ಇದೆ. 2022ರ ಕೊನೆಯಲ್ಲಿ ಮುಂಬೈಯ ಗೋವಂಡಿಯಂತಹ ಕಿಕ್ಕಿರಿದ ಬಡಾವಣೆಗಳಲ್ಲಿ ಅದು ಹರಡಿ ಮಕ್ಕಳು ಸತ್ತರು. ದಡಾರದ ರೋಗಿ ಕೋಣೆ ಬಿಟ್ಟುಹೋದ ಮೇಲೂ ವೈರಸ್ ಎರಡು ಗಂಟೆಯವರೆಗೆ ಗಾಳಿಯಲ್ಲಿ ಕಾಯಬಲ್ಲದು. ರಕ್ಷಣೆ ಇಲ್ಲದ ಹತ್ತು ಮಂದಿ ರೋಗಿಯ ಹತ್ತಿರವಿದ್ದರೆ ಒಂಬತ್ತು ಮಂದಿಗೆ ತಗುಲುತ್ತದೆ. ಇದರ ಮುಂದೆ ಸಾಬೂನು ಸಾಲದು. ಲಸಿಕೆಯೇ ಬೇಕು. ಸರಕಾರಿ ಆಸ್ಪತ್ರೆಗಳಲ್ಲಿ ಮಗುವಿಗೆ 9ರಿಂದ 12 ತಿಂಗಳ ನಡುವೆ ಒಂದು, 16ರಿಂದ 24 ತಿಂಗಳ ನಡುವೆ ಇನ್ನೊಂದು ಡೋಸ್ ಉಚಿತವಾಗಿ ಸಿಗುತ್ತದೆ. ಎರಡನೆಯದನ್ನು ಮರೆಯುವವರೇ ಹೆಚ್ಚು. ಇವತ್ತೇ ಮಗುವಿನ ಕಾರ್ಡ್ ತೆಗೆದು ನೋಡಿ.

ಸಿಡುಬು, ದಡಾರ ಎರಡೂ ಮೈಮೇಲೆ ಕಾಣಿಸಿಕೊಳ್ಳುವ ರೋಗಗಳು. ಬಹುಕಾಲ ಜನ ಅವನ್ನು ಬೇರೆ ಮಾಡಿ ನೋಡುತ್ತಿರಲಿಲ್ಲ. ಸಾವಿರ ವರ್ಷಕ್ಕೂ ಹಿಂದೆ ಬಗ್ದಾದಿನ ಆಸ್ಪತ್ರೆಯಲ್ಲಿ ದುಡಿದ ವೈದ್ಯ ಅಲ್ ರಾಝಿ ಇವೆರಡರ ಲಕ್ಷಣಗಳನ್ನು ಬಿಡಿಸಿ ಒಂದು ಗ್ರಂಥ ಬರೆದ. ಅವನ ಬಳಿ ಸೂಕ್ಷ್ಮದರ್ಶಕ ಇರಲಿಲ್ಲ, ವೈರಸ್ ಎಂಬ ಪದವೂ ಇರಲಿಲ್ಲ. ಒಂದೇ ರೀತಿ ಕಾಣುವ ಎರಡನ್ನು ತಾಳ್ಮೆಯಿಂದ ನೋಡಿ, ಬೇರೆ ಬೇರೆ ಎಂದು ಗುರುತಿಸಿದ. ಅವನ ಹೆಸರನ್ನು ನಾವು ಹೆಮ್ಮೆಯಿಂದ ಹೇಳುವುದಾದರೆ ಅವನ ಆ ಅಭ್ಯಾಸವನ್ನೂ ಮನೆಗೆ ತರಬೇಕು.

ನಾನು ಕೇಳುವುದು ಮೂರೇ. ಮಸೀದಿ, ಮದ್ರಸಗಳ ಪ್ರತಿ ಶೌಚಾಲಯದಲ್ಲೂ ಸಾಬೂನು ಇರಲಿ, ಅದರ ಹೊಣೆ ಒಬ್ಬರಿಗೆ ಇರಲಿ. ಬೇಯಿಸಿದ ಆಹಾರಕ್ಕೆ ಎರಡು ಗಂಟೆಯ ಗಡಿ ಇರಲಿ, ದಾನದ ಆಹಾರಕ್ಕಂತೂ ಇರಲೇಬೇಕು. ಕಪಾಟಿನಲ್ಲಿ ಉಳಿದಿರುವ ಆ್ಯಂಟಿಬಯೋಟಿಕ್ ಯಾರ ಬಾಯಿಗೂ ಹೋಗದಿರಲಿ.

ಮೊನ್ನೆ ಅದೇ ಹುಡುಗಿ ಒಂದು ಡಬ್ಬಿ ಹಿಡಿದು ಬಂದಿದ್ದಳು. ನಾದಿನಿಯ ಮನೆಯ ಔತಣದಿಂದ ಮಧ್ಯಾಹ್ನ ಕಳಿಸಿದ್ದ ಬಿರಿಯಾನಿ, ಸಂಜೆಯಾದರೂ ಅಡುಗೆ ಕಟ್ಟೆಯ ಮೇಲೆಯೇ ಇತ್ತಂತೆ. ಮಗು ಹಿಂದೆ ನಿಂತು ಸೆರಗು ಎಳೆಯುತ್ತಿತ್ತು.

"ಟೀಚರ್, ಇದರಲ್ಲಿ ಇರುವುದು ಕಾಯುವುದಾ, ಬೆಳೆಯುವುದಾ?"

"ಬೆಳೆಯುವುದು."

"ಹಾಗಾದರೆ ಬಿಸಿ ಮಾಡಿದರೂ ಪ್ರಯೋಜನವಿಲ್ಲ ಅಲ್ಲವಾ" ಎಂದು ತಾನೇ ಹೇಳಿಕೊಂಡು, ಮಗುವನ್ನು ಎತ್ತಿಕೊಂಡು ಮನೆಗೆ ಹೋದಳು.